ಬೀಸುವ ಕಲ್ಲಿನ ಚರಿತ್ರೆ ಬರೆದ ಪತ್ರಿಕೆಗಳು

ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ಅಧಿಪತಿ 1331ರ ಸುಮಾರಿಗೆ ತನ್ನ ಒಕ್ಕಲುಗಳ ಮನೆಗಳಲ್ಲಿದ್ದ ಬೀಸುವ ಕಲ್ಲುಗಳನ್ನು ಜಪ್ತಿ ಮಾಡಿಸಿದ. ಹಿಟ್ಟು ಬೇಕಾದವರು ಮಠದ ಗಿರಣಿಗೇ ಬರಬೇಕು, ಬೀಸಿದ್ದಕ್ಕೆ ಮಠಕ್ಕೆ ಪಾಲು ಕೊಡಬೇಕು ಎಂಬುದು ಅಲ್ಲಿನ ಕಟ್ಟಳೆ. ಮನೆಯಲ್ಲೇ ಬೀಸಿಕೊಂಡರೆ ಆ ಪಾಲು ಮಠಕ್ಕೆ ತಪ್ಪುತ್ತಿತ್ತು. ಕಿತ್ತು ತಂದ ಕಲ್ಲುಗಳನ್ನು ಅವನು ಮಠದ ಪಡಸಾಲೆಯ ನೆಲಕ್ಕೆ ಹಾಸಿಸಿದ. ಐವತ್ತು ವರ್ಷ ಕಳೆದು 1381ರಲ್ಲಿ ಇಂಗ್ಲೆಂಡಿನ ರೈತರು ದಂಗೆ ಎದ್ದಾಗ ಸೇಂಟ್ ಆಲ್ಬನ್ಸಿನ ಜನ ಮಠದೊಳಗೆ ನುಗ್ಗಿ ಆ ನೆಲವನ್ನೇ ಅಗೆದರು. ಕಲ್ಲುಗಳನ್ನು ಒಡೆದು, ಚರ್ಚಿನಲ್ಲಿ ಹಂಚುವ ಪವಿತ್ರ ರೊಟ್ಟಿಯಂತೆ ಚೂರುಚೂರಾಗಿ ಹಂಚಿಕೊಂಡು ಮನೆಗೆ ಒಯ್ದರು. ಅಜ್ಜಂದಿರ ಕಾಲದಲ್ಲಿ ಆದ ಅನ್ಯಾಯ ಮೊಮ್ಮಕ್ಕಳ ನೆನಪಿನಲ್ಲಿ ಅಷ್ಟು ಹಸಿಯಾಗಿತ್ತು. ಮಠದ ವೃತ್ತಾಂತದಲ್ಲಿ ಈ ಸಂಗತಿ ಶತಮಾನಗಳಿಂದ ಇದ್ದೇ ಇತ್ತು, ಆದರೆ ಅದು ಚರಿತ್ರೆಯ ಮುಖ್ಯ ಪ್ರಶ್ನೆಯೊಂದಕ್ಕೆ ಸಾಕ್ಷ್ಯವಾದದ್ದು 1935ರಲ್ಲಿ. ಆ ವರ್ಷ ಫ್ರಾನ್ಸಿನ ಚರಿತ್ರಕಾರ ಮಾರ್ಕ್ ಬ್ಲಾಕ್, ತಾನೇ ಸಹಸಂಪಾದಕನಾಗಿದ್ದ 'ಅನಾಲ್' ಪತ್ರಿಕೆಯಲ್ಲಿ ನೀರುಗಿರಣಿಯ ಬಗ್ಗೆ ಒಂದು ಲೇಖನ ಬರೆದ. ರೋಮನ್ನರಿಗೆ ಗೊತ್ತಿದ್ದ ಈ ಯಂತ್ರ ಯುರೋಪಿನ ಹಳ್ಳಿಗಳಿಗೆ ಹರಡಲು ಅಷ್ಟು ಶತಮಾನ ಏಕೆ ಬೇಕಾಯಿತು ಎಂಬುದು ಅವನ ಪ್ರಶ್ನೆ. ಗುಲಾಮರ ತೋಳು ಅಗ್ಗವಾಗಿ ಸಿಗುತ್ತಿದ್ದಷ್ಟು ಕಾಲ ಯಂತ್ರದ ಅಗತ್ಯ ಬೀಳಲಿಲ್ಲ, ಆಮೇಲೆ ಹರಡಿದ್ದರ ಹಿಂದೆ ಜಾಣ್ಮೆಯ ಜೊತೆಗೆ ಒಡೆಯರ ಬಲಾತ್ಕಾರವೂ ಇತ್ತು ಎಂಬುದು ಅವನು ಕಂಡುಕೊಂಡ ಉತ್ತರ. ಮಠದ ಪಡಸಾಲೆಯ ಕಲ್ಲುಗಳು ಆ ಬಲಾತ್ಕಾರಕ್ಕೆ ಸಾಕ್ಷಿ.

ಈ ಲೇಖನ ಪುಸ್ತಕವಾಗಿ ಬರದೆ ಪತ್ರಿಕೆಯಲ್ಲಿ ಬಂದದ್ದು ಆಕಸ್ಮಿಕವಲ್ಲ. ಸಾಮಾಜಿಕ ಚರಿತ್ರೆ, ಅಂದರೆ ಉಳುವವರ, ನೇಯುವವರ, ಬೀಸುವವರ, ಹೆರುವವರ ಬದುಕಿನ ಚರಿತ್ರೆ, ಒಂದು ಶಿಸ್ತಾಗಿ ನಿಂತದ್ದಕ್ಕೆ ಮೇರು ಗ್ರಂಥಗಳಷ್ಟೇ, ನನ್ನ ಎಣಿಕೆಯಲ್ಲಿ ಅವಕ್ಕಿಂತ ತುಸು ಹೆಚ್ಚೇ, ಸಂಶೋಧನ ಪತ್ರಿಕೆಗಳು ಕಾರಣ. ಇದಕ್ಕೆ ವಿಷಯದ ಸ್ವಭಾವದಲ್ಲೇ ಆಧಾರವಿದೆ. ಅರಸನೊಬ್ಬನ ಚರಿತ್ರೆಗೆ ಹುಟ್ಟು, ಪಟ್ಟ, ಯುದ್ಧ, ಸಾವು ಎಂಬ ಕಟ್ಟು ಮೊದಲೇ ಸಿದ್ಧವಾಗಿರುತ್ತದೆ. ಬರೆಯುವವನು ಅದರೊಳಗೆ ವಿವರ ತುಂಬಿದರೆ ಪುಸ್ತಕವಾಗುತ್ತದೆ. ಬೀಸುವ ಕಲ್ಲಿಗಾಗಲಿ ಕಾಳಿನ ಬೆಲೆಗಾಗಲಿ ಅಂಥ ಆದಿ ಅಂತ್ಯಗಳಿಲ್ಲ. ಅದರ ಸಾಕ್ಷ್ಯ ಒಂದು ಮಠದ ಲೆಕ್ಕದಲ್ಲಿ, ಇನ್ನೊಂದು ಊರಿನ ನ್ಯಾಯಾಲಯದ ಕಡತದಲ್ಲಿ, ಮತ್ತೆಲ್ಲೋ ಹೊಲದ ನಕ್ಷೆಯಲ್ಲಿ ಚೆದುರಿ ಬಿದ್ದಿರುತ್ತದೆ. ಒಬ್ಬನ ಆಯುಸ್ಸಿನಲ್ಲಿ ಅದನ್ನೆಲ್ಲ ಕೂಡಿಹಾಕಲು ಆಗದು. ಒಬ್ಬ ತನ್ನ ತುಣುಕನ್ನು ಮುಂದಿಡಬೇಕು, ಇನ್ನೊಬ್ಬ ತನ್ನ ಸೀಮೆಯಲ್ಲಿ ಹಾಗಿಲ್ಲವಲ್ಲ ಎನ್ನಬೇಕು, ಮೂರನೆಯವ ಇಬ್ಬರ ಲೆಕ್ಕವನ್ನೂ ತಿದ್ದಬೇಕು. ಇದಕ್ಕೆ ಬೇಕಾದದ್ದು ನಿಗದಿತ ಅವಧಿಗೆ ಮತ್ತೆ ಮತ್ತೆ ಬರುವ, ಹಿಂದಿನ ಸಂಚಿಕೆಯ ಮಾತಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡಲು ಎಡೆಯಿರುವ ಒಂದು ಜಾಗ.

ಬ್ಲಾಕ್ ಮತ್ತು ಅವನ ಹಿರಿಯ ಗೆಳೆಯ ಲೂಸಿಯಾಂ ಫೆವ್ರ್ 1929ರ ಜನವರಿಯಲ್ಲಿ ಸ್ಟ್ರಾಸ್‌ಬರ್ಗ್‌ನಿಂದ ಆರಂಭಿಸಿದ 'ಅನಾಲ್' ಅಂಥ ಜಾಗವಾಯಿತು. ಪೂರ್ತಿ ಹೆಸರಿನಲ್ಲಿ ಅದು ಆರ್ಥಿಕ ಮತ್ತು ಸಾಮಾಜಿಕ ಚರಿತ್ರೆಯ ವೃತ್ತಾಂತ. ಹಾಗೆ ನೋಡಿದರೆ ಈ ಎರಡು ವಿಶೇಷಣಗಳನ್ನು ಹೊತ್ತ ಜರ್ಮನ್ ತ್ರೈಮಾಸಿಕವೊಂದು 1903ರಿಂದಲೇ ಬರುತ್ತಿತ್ತು, ಸ್ಥಾಪಕರ ಕಣ್ಣ ಮುಂದೆ ಇದ್ದ ಮಾದರಿಯೂ ಅದೇ. ಸ್ಟ್ರಾಸ್‌ಬರ್ಗ್ ಕೂಡ ಜರ್ಮನಿಯ ಕೈಯಿಂದ ಮೊದಲ ಮಹಾಯುದ್ಧದ ಕೊನೆಗೆ ಫ್ರಾನ್ಸಿಗೆ ಮರಳಿದ ಊರು. ಅಲ್ಲಿನ ವಿಶ್ವವಿದ್ಯಾಲಯವನ್ನು ಹೊಸದಾಗಿ ಕಟ್ಟುತ್ತಿದ್ದ ಕಾಲದಲ್ಲಿ ಚರಿತ್ರಕಾರರು, ಭೂಗೋಳಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು ಅಕ್ಕಪಕ್ಕದ ಕೊಠಡಿಗಳಲ್ಲಿ ಕೆಲಸ ಮಾಡುತ್ತಿದ್ದರು. ಪತ್ರಿಕೆಯ ಮಂಡಳಿಯಲ್ಲೂ ಸಮಾಜಶಾಸ್ತ್ರಜ್ಞ ಮೋರಿಸ್ ಹಾಲ್‌ಬ್ವಾಕ್ಸ್, ಭೂಗೋಳದ ಆಲ್ಬೆರ್ ದಮಾಂಜೊ, ಅರ್ಥಶಾಸ್ತ್ರದ ಶಾರ್ಲ್ ರಿಸ್ಟ್ ಇದ್ದರು. ಮೊದಲ ವರ್ಷದಲ್ಲೇ ಬ್ಲಾಕ್ ಹೊಲಗದ್ದೆಗಳ ಹಳೆಯ ನಕ್ಷೆಗಳ ಬಗ್ಗೆ ಒಂದು ಸಾಮೂಹಿಕ ವಿಚಾರಣೆಯನ್ನು ತೆರೆದ. ಹೊಲದ ಆಕಾರ ಉದ್ದವೋ ಚೌಕವೋ, ಬೇಲಿ ಇದೆಯೋ ಇಲ್ಲವೋ ಎಂಬುದರಿಂದ ಆ ಊರಿನ ಉಳುಮೆಯ ರೀತಿ, ದನ ಮೇಯಿಸುವ ಹಕ್ಕು, ಒಡೆತನದ ಕಟ್ಟುಪಾಡು ಎಲ್ಲವನ್ನೂ ಓದಬಹುದು ಎಂಬುದು ಅವನ ನಂಬಿಕೆ. ಆದರೆ ದೇಶದುದ್ದಕ್ಕೂ ಹರಡಿದ್ದ ಆ ನಕ್ಷೆಗಳನ್ನು ಒಬ್ಬನೇ ನೋಡಿ ಮುಗಿಸುವಂತಿರಲಿಲ್ಲ. ಪತ್ರಿಕೆ ಓದುಗರನ್ನೇ ಕೆಲಸಕ್ಕೆ ಕರೆಯಿತು.

ಸಾಮಾಜಿಕ ಚರಿತ್ರೆ ಪತ್ರಿಕೆಗಳಿಗಿಂತ ಹಳೆಯದು, ಅದರ ಶಿಖರಗಳೆಲ್ಲ ಪುಸ್ತಕಗಳೇ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಆಕ್ಷೇಪದಲ್ಲಿ ತೂಕವಿದೆ. ಹತ್ತೊಂಬತ್ತನೆಯ ಶತಮಾನದಲ್ಲೇ ಫ್ರಾನ್ಸಿನ ಮಿಶ್ಲೆ ಜನರನ್ನು ಚರಿತ್ರೆಯ ನಾಯಕರನ್ನಾಗಿ ಮಾಡಿದ್ದ. ಇಪ್ಪತ್ತನೆಯ ಶತಮಾನದಲ್ಲಿ ಬ್ರೋಡೆಲ್ 1949ರಲ್ಲಿ ತಂದ ಮೆಡಿಟರೇನಿಯನ್ ಕುರಿತ ಗ್ರಂಥವನ್ನೋ, ಇ.ಪಿ. ಥಾಮ್ಸನ್ 1963ರಲ್ಲಿ ತಂದ ಇಂಗ್ಲೆಂಡಿನ ಕಾರ್ಮಿಕ ವರ್ಗದ ಹುಟ್ಟಿನ ಕಥನವನ್ನೋ ಸರಿಗಟ್ಟುವ ಬಿಡಿ ಲೇಖನ ಎಲ್ಲಿದೆ? ಇಲ್ಲ ಎಂದೇ ಒಪ್ಪೋಣ. ಆದರೆ ಶಿಖರ ಇರುವುದು ಬೇರೆ, ಆ ದಾರಿಯಲ್ಲಿ ಸಾಮಾನ್ಯ ಶಕ್ತಿಯ ನೂರಾರು ಜನ ನಡೆಯಲು ಆಗುವುದು ಬೇರೆ. ಮಿಶ್ಲೆಯ ಬರಹವನ್ನು ಮೆಚ್ಚಬಹುದಿತ್ತು, ಮುಂದುವರಿಸುವುದು ಕಷ್ಟವಿತ್ತು, ಏಕೆಂದರೆ ಅದರ ಬಲವೆಲ್ಲ ಅವನೊಬ್ಬನ ಪ್ರತಿಭೆಯಲ್ಲಿತ್ತು. ಪತ್ರಿಕೆ ಪ್ರತಿಭೆಯ ಜಾಗದಲ್ಲಿ ಪದ್ಧತಿಯನ್ನು ತಂದಿತು. ಜಿಲ್ಲಾ ಕೇಂದ್ರದ ಒಬ್ಬ ಉಪಾಧ್ಯಾಯ ತನ್ನ ಊರಿನ ಧಾನ್ಯದ ಬೆಲೆಗಳನ್ನು ಇಪ್ಪತ್ತು ಪುಟಗಳಲ್ಲಿ ಬರೆದರೂ ಅದು ದೊಡ್ಡದೊಂದು ವಾದದ ಭಾಗವಾಗಬಹುದು ಎಂಬ ಸ್ಥಿತಿ ಬಂದದ್ದು ಪತ್ರಿಕೆಯಿಂದ. ಬ್ರೋಡೆಲ್ ಕೂಡ ದೀರ್ಘಾವಧಿಯ ಚರಿತ್ರೆ ಎಂಬ ತನ್ನ ಕಲ್ಪನೆಯನ್ನು ಸಿದ್ಧಾಂತವಾಗಿ ಮಂಡಿಸಿದ್ದು 1958ರ 'ಅನಾಲ್' ಲೇಖನದಲ್ಲಿ. ದೊಡ್ಡ ಪುಸ್ತಕ ಓದಿದವರಿಗಿಂತ ಎಷ್ಟೋ ಹೆಚ್ಚು ಜನ ಅವನ ವಿಚಾರವನ್ನು ಆ ಲೇಖನದಿಂದಲೇ ಬಲ್ಲರು.

'ಅನಾಲ್' ಕಥೆಯಲ್ಲಿ ದಾಟಿ ಹೋಗಲಾಗದ ಒಂದು ನೋವಿದೆ. 1940ರಲ್ಲಿ ಜರ್ಮನಿ ಫ್ರಾನ್ಸನ್ನು ಆಕ್ರಮಿಸಿದ ಮೇಲೆ ಯೆಹೂದ್ಯರು ಪತ್ರಿಕೆಗಳ ಒಡೆಯರಾಗಲಿ ಸಂಪಾದಕರಾಗಲಿ ಆಗಿರುವಂತಿರಲಿಲ್ಲ. ಬ್ಲಾಕ್ ಯೆಹೂದ್ಯ. ಪತ್ರಿಕೆ ಉಳಿಯಬೇಕಾದರೆ ಅವನ ಹೆಸರು ಮುಖಪುಟದಿಂದ ಹೋಗಬೇಕು ಎಂದು ಫೆವ್ರ್ ಪಟ್ಟು ಹಿಡಿದ. ಅಂಥ ಕಾನೂನಿಗೆ ತಲೆಬಾಗುವುದಕ್ಕಿಂತ ಪತ್ರಿಕೆ ನಿಲ್ಲುವುದೇ ಲೇಸು ಎಂಬುದು ಬ್ಲಾಕ್‌ನ ಮೊದಲ ನಿಲುವಾಗಿತ್ತು, ಕಡೆಗೆ ಒಪ್ಪಿಕೊಂಡ. ಆಮೇಲೆ ಅವನು 'ಫೂಜೇರ್' ಎಂಬ ಗುಪ್ತನಾಮದಲ್ಲಿ ಬರೆಯುತ್ತಾ ಹೋದ, ಜೊತೆಗೆ ನಾಜಿ ವಿರೋಧಿ ಪ್ರತಿರೋಧ ಚಳವಳಿಗೂ ಸೇರಿದ. 1944ರ ಜೂನ್ 16ರಂದು ಲಿಯಾನ್ ಹತ್ತಿರದ ಬಯಲಿನಲ್ಲಿ ಗೆಸ್ಟಪೊ ಅವನನ್ನು ಗುಂಡಿಟ್ಟು ಕೊಂದಿತು. ಮಂಡಳಿಯ ಹಾಲ್‌ಬ್ವಾಕ್ಸ್ 1945ರಲ್ಲಿ ಬುಖೆನ್‌ವಾಲ್ಡ್ ಶಿಬಿರದಲ್ಲಿ ಸತ್ತ. ಫೆವ್ರ್ ಮಾಡಿದ್ದು ಸರಿಯಲ್ಲ ಎಂಬುದು ನನ್ನ ತೀರ್ಪು. ಸಾಮಾನ್ಯ ಜನರ ಘನತೆಯನ್ನು ಚರಿತ್ರೆಯಲ್ಲಿ ಎತ್ತಿಹಿಡಿಯಲು ಹುಟ್ಟಿದ ಪತ್ರಿಕೆ, ತನ್ನ ಸ್ಥಾಪಕನ ಹೆಸರನ್ನೇ ತೆಗೆದುಹಾಕಿ ಉಳಿಯುವುದಕ್ಕೆ ತೆತ್ತ ಬೆಲೆ ದೊಡ್ಡದು. ಆದರೂ ಅದು ಉಳಿದದ್ದರಿಂದಲೇ ಬ್ಲಾಕ್‌ನ ಪ್ರಶ್ನೆಗಳು ಯುದ್ಧದ ನಂತರದ ತಲೆಮಾರಿಗೆ ದಾಟಿದವು ಎಂಬುದನ್ನೂ ಮರೆಮಾಚಲಾಗದು.

ಇಂಗ್ಲೆಂಡಿನಲ್ಲಿ ಇದೇ ಕೆಲಸ ಬೇರೆ ದಾರಿಯಿಂದ ಬಂತು. ಕಮ್ಯುನಿಸ್ಟ್ ಪಕ್ಷದ ಚರಿತ್ರಕಾರರ ಬಳಗಕ್ಕೆ ಸೇರಿದ ಎರಿಕ್ ಹಾಬ್ಸ್‌ಬಾಮ್, ಕ್ರಿಸ್ಟೋಫರ್ ಹಿಲ್, ರಾಡ್ನಿ ಹಿಲ್ಟನ್, ಜಾನ್ ಮಾರಿಸ್ ಮೊದಲಾದವರು 1952ರಲ್ಲಿ 'ಪಾಸ್ಟ್ ಅಂಡ್ ಪ್ರೆಸೆಂಟ್' ಆರಂಭಿಸಿದರು. ವೈಜ್ಞಾನಿಕ ಚರಿತ್ರೆಯ ಪತ್ರಿಕೆ ಎಂದು ಹೆಸರಿನ ಕೆಳಗೆ ಬರೆದುಕೊಂಡಿದ್ದರು. ಮೊದಲ ಸಂಚಿಕೆಯಲ್ಲೇ ಹಾಬ್ಸ್‌ಬಾಮ್ ಯಂತ್ರ ಒಡೆದ ಕೂಲಿಗಾರರ ಬಗ್ಗೆ ಬರೆದ. ಅವರದು ಯಂತ್ರದ ಮೇಲಿನ ಕುರುಡು ಸಿಟ್ಟಲ್ಲ, ಸಂಘ ಕಟ್ಟಲು ಅವಕಾಶವೇ ಇಲ್ಲದ ಕಾಲದಲ್ಲಿ ಮಾಲೀಕನ ಜೊತೆ ಚೌಕಾಸಿ ಮಾಡಲು ಅವರಿಗಿದ್ದ ಉಪಾಯ ಎಂದು ತೋರಿಸಿದ. ಶೀತಲ ಸಮರ ಕಾವೇರಿದ್ದ ದಿನಗಳವು. ಮಾರ್ಕ್ಸ್‌ವಾದಿಗಳಲ್ಲದವರು ಅದರಲ್ಲಿ ಬರೆಯಲು ಹಿಂಜರಿಯುತ್ತಿದ್ದರು. ಇಲ್ಲಿ ಎರಡನೆಯ ಆಕ್ಷೇಪ ಬರುತ್ತದೆ. ಇವು ಒಂದು ಪಂಥದ ಮುಖವಾಣಿಗಳು, ಇವುಗಳಲ್ಲಿ ಬಂದದ್ದು ರಾಜಕೀಯವೇ ಹೊರತು ಚರಿತ್ರೆಯಲ್ಲ ಎಂದು ಆಗಲೂ ಹೇಳಿದರು, ಈಗಲೂ ಹೇಳುವವರಿದ್ದಾರೆ. ಇದಕ್ಕೆ ಪತ್ರಿಕೆಯ ಕಡತವೇ ಉತ್ತರ. 1954ರಲ್ಲಿ ಹಾಬ್ಸ್‌ಬಾಮ್ ಹದಿನೇಳನೆಯ ಶತಮಾನದ ಯುರೋಪಿನ ಆರ್ಥಿಕತೆಗೆ ಒಂದು ಸಾರ್ವತ್ರಿಕ ಬಿಕ್ಕಟ್ಟು ಬಂದಿತ್ತು ಎಂಬ ವಾದ ಹೂಡಿದ. 1959ರಲ್ಲಿ ಅದನ್ನು ಬುಡಮೇಲು ಮಾಡುವ ಲೇಖನ ಬರೆದವನು ಹ್ಯೂ ಟ್ರೆವರ್-ರೋಪರ್. ಅದು ಆರ್ಥಿಕತೆಯ ಬಿಕ್ಕಟ್ಟಲ್ಲ, ಉಬ್ಬಿಹೋದ ರಾಜಾಸ್ಥಾನಕ್ಕೂ ಅದನ್ನು ಹೊತ್ತ ಸಮಾಜಕ್ಕೂ ನಡೆದ ಜಗ್ಗಾಟ ಎಂದ. ಟ್ರೆವರ್-ರೋಪರ್ ಮಾರ್ಕ್ಸ್‌ವಾದದ ಕಡು ವಿರೋಧಿ. ಅವನ ಲೇಖನ ಅಚ್ಚಾದದ್ದು ಇದೇ 'ಪಾಸ್ಟ್ ಅಂಡ್ ಪ್ರೆಸೆಂಟ್'ನಲ್ಲಿ. ಅದೇ ಹೊತ್ತಿಗೆ ಲಾರೆನ್ಸ್ ಸ್ಟೋನ್, ಜಾನ್ ಎಲಿಯಟ್ ಅವರಂಥ ಮಾರ್ಕ್ಸ್‌ವಾದಿಗಳಲ್ಲದ ವಿದ್ವಾಂಸರು ಮಂಡಳಿಗೆ ಬಂದರು, ವೈಜ್ಞಾನಿಕ ಎಂಬ ಮಾತನ್ನು ಹೆಸರಿನಿಂದ ತೆಗೆದರು. ಸ್ಥಾಪಕರು ತಮ್ಮ ನಂಬಿಕೆ ಬಿಡಲಿಲ್ಲ, ಎದುರಾಳಿಗೆ ಪುಟ ಕೊಟ್ಟರು. ಪಂಥದಲ್ಲಿ ಹುಟ್ಟಿದ ಪತ್ರಿಕೆ ಪಂಥದೊಳಗೇ ಉಳಿಯಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಒಂದು ಲೇಖನ ಪತ್ರಿಕೆಯಲ್ಲಿ ಬದುಕುವುದೆಂದರೇನು ಎಂಬುದನ್ನು ಥಾಮ್ಸನ್‌ನ ಬರಹದಲ್ಲಿ ಹತ್ತಿರದಿಂದ ನೋಡಬಹುದು. 1971ರ ಫೆಬ್ರವರಿಯಲ್ಲಿ, ಪತ್ರಿಕೆಯ 50ನೆಯ ಸಂಚಿಕೆಯಲ್ಲಿ, ಅವನು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಧಾನ್ಯದ ಗಲಭೆಗಳ ಬಗ್ಗೆ ಬರೆದ. ಹಸಿವಾದಾಗ ಜನ ಲೂಟಿಗೆ ಇಳಿಯುತ್ತಾರೆ, ಅದರಲ್ಲಿ ವಿವರಿಸುವುದೇನಿದೆ ಎಂಬುದು ಅದುವರೆಗಿನ ಧೋರಣೆ. ಥಾಮ್ಸನ್ ಗಲಭೆಯ ಒಳಹೊಕ್ಕು ನೋಡಿದ. 1766ರಲ್ಲಿ ಡೆವನ್ ಸೀಮೆಯ ಹಾನಿಟನ್ ಊರಿನ ಕಸೂತಿಪಟ್ಟಿ ಹೆಣೆಯುವ ಕೆಲಸಗಾರರು ರೈತರ ಕಣಜಗಳಿಂದ ಧಾನ್ಯ ಹೊತ್ತೊಯ್ದರು. ಅದನ್ನು ಸಂತೆಗೆ ತಂದು, ತಮಗೆ ನ್ಯಾಯವೆಂದು ಕಂಡ ದರಕ್ಕೆ ಮಾರಿದರು. ಬಂದ ಹಣವನ್ನು ಆ ರೈತರಿಗೇ ಒಯ್ದು ಕೊಟ್ಟರು. ಹಣದ ಜೊತೆ ಖಾಲಿ ಚೀಲಗಳನ್ನೂ ಹಿಂದಿರುಗಿಸಿದರು. ಲೂಟಿಕೋರರು ಚೀಲ ವಾಪಸು ಕೊಡುವುದಿಲ್ಲ. ಧಾನ್ಯಕ್ಕೆ ಒಂದು ನ್ಯಾಯದ ಬೆಲೆ ಇದೆ, ಬರಗಾಲದಲ್ಲಿ ಅದನ್ನು ಮೀರುವ ಹಕ್ಕು ಯಾವ ವ್ಯಾಪಾರಿಗೂ ಇಲ್ಲ ಎಂಬ ಕಟ್ಟುನಿಟ್ಟಿನ ನಂಬಿಕೆ ಆ ಗುಂಪಿನಲ್ಲಿತ್ತು. ಅದನ್ನು ಥಾಮ್ಸನ್ ನೈತಿಕ ಆರ್ಥಿಕತೆ ಎಂದು ಕರೆದ.

ಆ ಲೇಖನಕ್ಕೆ ಮರುವರ್ಷದಿಂದಲೇ ಅದೇ ಪತ್ರಿಕೆಯಲ್ಲಿ ಏಟುಗಳು ಬಿದ್ದವು. ಎ.ಡಬ್ಲ್ಯು. ಕೋಟ್ಸ್ 1972ರಲ್ಲಿ, ಎಲಿಜಬೆತ್ ಫಾಕ್ಸ್-ಜಿನೊವೀಸ್ 1973ರಲ್ಲಿ ಅದರ ಸಿದ್ಧಾಂತವನ್ನು ಪ್ರಶ್ನಿಸಿದರು. 1984ರಲ್ಲಿ ಡೇಲ್ ವಿಲಿಯಮ್ಸ್ 1766ರ ಗಲಭೆಗಳನ್ನೇ ಮತ್ತೆ ಕೈಗೆತ್ತಿಕೊಂಡ. 1988ರಲ್ಲಿ ಜಾನ್ ಬೋಸ್ಟೆಡ್, ಗಲಭೆಗಳಲ್ಲಿ ಹೆಂಗಸರೇ ಮುಂದಿದ್ದರೆಂಬ ಎಲ್ಲರೂ ಒಪ್ಪಿದ್ದ ಮಾತು ಎಷ್ಟರಮಟ್ಟಿಗೆ ನಿಜ ಎಂದು ಕೇಳಿದ. ಇಪ್ಪತ್ತು ವರ್ಷ ಸುಮ್ಮನಿದ್ದ ಥಾಮ್ಸನ್ 1991ರಲ್ಲಿ ತನ್ನ ಪುಸ್ತಕವೊಂದರ ದೀರ್ಘ ಅಧ್ಯಾಯದಲ್ಲಿ ಇವರೆಲ್ಲರಿಗೂ ಉತ್ತರಿಸಿದ. ಈ ನಡುವೆ ವಿಚಾರ ಇಂಗ್ಲೆಂಡಿನ ಗಡಿ ದಾಟಿತ್ತು. 1979ರ ಆಗಸ್ಟಿನಲ್ಲಿ ಡೇವಿಡ್ ಆರ್ನಾಲ್ಡ್ ಅದೇ 'ಪಾಸ್ಟ್ ಅಂಡ್ ಪ್ರೆಸೆಂಟ್'ನಲ್ಲಿ 1918ರ ದಕ್ಷಿಣ ಭಾರತದ ಧಾನ್ಯದ ಗಲಭೆಗಳನ್ನೂ ಅವನ್ನು ಎದುರಿಸಿದ ಸರ್ಕಾರದ ನೀತಿಯನ್ನೂ ಕುರಿತು ಬರೆದ. ಮೊದಲ ಮಹಾಯುದ್ಧದ ಕೊನೆಯ ವರ್ಷ, ಅಕ್ಕಿಯ ಬೆಲೆ ಏರುತ್ತಿದ್ದಾಗ, ಮದ್ರಾಸ್ ಪ್ರೆಸಿಡೆನ್ಸಿಯ ಊರುಗಳಲ್ಲಿ ಜನ ವ್ಯಾಪಾರಿಗಳ ಅಂಗಡಿಗಳಿಗೆ ಮುತ್ತಿಗೆ ಹಾಕಿದ್ದರು. ಹಾನಿಟನ್ನಿನ ಕೆಲಸಗಾರರಿಗೆ ಕೇಳಿದ ಪ್ರಶ್ನೆಯನ್ನು ಒಂದೂವರೆ ಶತಮಾನದ ಆಚೆಗೆ, ಮತ್ತೊಂದು ಖಂಡದ ಅಕ್ಕಿ ಅಂಗಡಿಯ ಮುಂದೆ ನಿಂತವರಿಗೂ ಕೇಳಬಹುದಾಯಿತು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಅದೇ ಪ್ರೆಸಿಡೆನ್ಸಿಯಲ್ಲಿದ್ದ ಜಿಲ್ಲೆಗಳು ಎಂಬುದನ್ನು ನೆನೆದರೆ, ಈ ವಾದ ನಮ್ಮ ಹೊಸ್ತಿಲಿಗೂ ಬಂದದ್ದೇ.

ಭಾರತದಲ್ಲಿ ಇಂಥ ವಾದಗಳಿಗೆ ನೆಲೆಯಾದದ್ದು 'ಇಂಡಿಯನ್ ಎಕನಾಮಿಕ್ ಅಂಡ್ ಸೋಶಿಯಲ್ ಹಿಸ್ಟರಿ ರಿವ್ಯೂ'. 1963ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ತಪನ್ ರಾಯ್‌ಚೌಧುರಿ ಮುಂದಾಳತ್ವದಲ್ಲಿ ಶುರುವಾದ ಈ ತ್ರೈಮಾಸಿಕವನ್ನು ಆಮೇಲೆ ದಶಕಗಳ ಕಾಲ ನಡೆಸಿದವರು ಧರ್ಮಾ ಕುಮಾರ್. ಅವರ ಸ್ವಂತ ಸಂಶೋಧನೆ ಮದ್ರಾಸ್ ಪ್ರೆಸಿಡೆನ್ಸಿಯ ಜಮೀನು ಮತ್ತು ಜಾತಿಯ ಬಗ್ಗೆ. ಭೂಹೀನ ಕೂಲಿಗಳ ವರ್ಗವನ್ನು ಬ್ರಿಟಿಷರೇ ಹುಟ್ಟುಹಾಕಿದರು ಎಂಬ ಪ್ರಚಲಿತ ಮಾತನ್ನು ಅವರು 1965ರ ಪುಸ್ತಕದಲ್ಲಿ ಒಪ್ಪಲಿಲ್ಲ. ಹತ್ತೊಂಬತ್ತನೆಯ ಶತಮಾನ ಶುರುವಾಗುವ ಹೊತ್ತಿಗೇ ಅಲ್ಲಿನ ಜನಸಂಖ್ಯೆಯ ಶೇ. 10ರಿಂದ 15ರಷ್ಟು ಮಂದಿ ಬೇರೆಯವರ ಹೊಲದಲ್ಲಿ ದುಡಿಯುವ, ಬಹುಪಾಲು ಜಾತಿಯ ಕಟ್ಟಿಗೆ ಸಿಕ್ಕ ಆಳುಗಳಾಗಿದ್ದರು ಎಂದು ಅಂದಾಜಿಸಿದರು. ನಮ್ಮ ಕರಾವಳಿಯ ಮೂಲದಾಳು ಪದ್ಧತಿಯನ್ನು ಬಲ್ಲವರಿಗೆ ಈ ಮಾತು ಅಚ್ಚರಿ ತರುವುದಿಲ್ಲ. ರಾಷ್ಟ್ರೀಯವಾದಿ ಚರಿತ್ರಕಾರರಿಗೂ ಮಾರ್ಕ್ಸ್‌ವಾದಿಗಳಿಗೂ ಹಿಡಿಸದ ಇಂಥ ನಿಲುವಿನ ಸಂಪಾದಕಿ, ತನ್ನ ಪತ್ರಿಕೆಯನ್ನು ತನ್ನ ನಿಲುವಿನ ವೇದಿಕೆಯಾಗಿ ಮಾಡಿಕೊಳ್ಳಲಿಲ್ಲ ಎಂಬುದು ಗಮನಿಸಬೇಕಾದ್ದು.

ಈ ಪತ್ರಿಕೆಯ ಕಡತದಲ್ಲಿ ಹೆಚ್ಚು ಕಾವು ಕಂಡದ್ದು ನೇಕಾರರ ಪ್ರಶ್ನೆ. ಲ್ಯಾಂಕಷೈರಿನ ಗಿರಣಿ ಬಟ್ಟೆ ಬಂದು ನಮ್ಮ ಕೈಮಗ್ಗವನ್ನು ಕೊಂದಿತು ಎಂದು ದಾದಾಭಾಯಿ, ರಮೇಶಚಂದ್ರ ದತ್ತರ ಕಾಲದಿಂದ ಹೇಳಿಕೊಂಡು ಬಂದಿದ್ದೇವೆ. ಅಮೆರಿಕದ ಮಾರಿಸ್ ಡೇವಿಡ್ ಮಾರಿಸ್ 1963ರಲ್ಲಿ ಇದನ್ನು ಅಲ್ಲಗಳೆದ. ಬಟ್ಟೆಗೆ ಬೇಡಿಕೆಯೇ ಬೆಳೆದಿರಬಹುದು, ಮಿಲ್ಲಿನ ನೂಲು ಅಗ್ಗವಾದ್ದರಿಂದ ನೇಕಾರನಿಗೆ ಅನುಕೂಲವೂ ಆಗಿರಬಹುದು ಎಂದ. 1968ರಲ್ಲಿ ರಿವ್ಯೂ ಅವನ ಲೇಖನವನ್ನು ಮರುಮುದ್ರಿಸಿ, ತೋರು ಮಾತ್ಸುಯಿ, ಬಿಪನ್ ಚಂದ್ರ, ರಾಯ್‌ಚೌಧುರಿಯವರ ಉತ್ತರಗಳನ್ನು ಜೊತೆಗಿಟ್ಟಿತು. ಅಂಕಿಅಂಶ ಎಲ್ಲಿ ಎಂಬ ಪ್ರಶ್ನೆಗೆ ಅಮಿಯ ಬಾಗ್ಚಿ 1976ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಉತ್ತರ ಹುಡುಕಿದರು. ಫ್ರಾನ್ಸಿಸ್ ಬುಕಾನನ್ 1809ರಿಂದ 1813ರವರೆಗೆ ಬಿಹಾರದ ಜಿಲ್ಲೆಗಳಲ್ಲಿ ಮಾಡಿದ ಸರ್ವೆಯನ್ನು 1901ರ ಜನಗಣತಿಯ ಜೊತೆಗಿಟ್ಟು ನೋಡಿದರೆ, ಕೈಕಸುಬನ್ನು ನೆಚ್ಚಿದವರ ಪ್ರಮಾಣ ಶೇ. 18ಕ್ಕೂ ಮೇಲಿದ್ದದ್ದು ಶೇ. 9ಕ್ಕಿಂತ ಕೆಳಗೆ ಇಳಿದಿತ್ತು. ಈ ಬುಕಾನನ್ ಕನ್ನಡಿಗರಿಗೆ ಹೊಸಬನಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ರಾಗಿಯ ಬಿತ್ತನೆಯಿಂದ ಹಿಡಿದು ನೇಕಾರನ ಕೂಲಿಯವರೆಗೆ ಬರೆದಿಟ್ಟವನು ಅವನೇ. ಮರಿಕಾ ವಿಜಿಯಾನಿ 1979ರಲ್ಲಿ ರಿವ್ಯೂನಲ್ಲಿ ಬಾಗ್ಚಿಯವರ ಲೆಕ್ಕದ ಬುಡಕ್ಕೇ ಕೈಹಾಕಿದಳು. ಬುಕಾನನ್ ಕೊಟ್ಟದ್ದು ಎಣಿಸಿದ ಸಂಖ್ಯೆಯಲ್ಲ, ಅಂದಾಜು. ಅದನ್ನು ಗಣತಿಯ ಅಂಕಿಯ ಪಕ್ಕದಲ್ಲಿಟ್ಟು ಕಳೆಯುವಂತಿಲ್ಲ ಎಂದಳು. ಬಾಗ್ಚಿ ತಮ್ಮ ಉತ್ತರ ಕೊಟ್ಟರು. ವಾದ ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ಆದರೆ ಮನೆಯಲ್ಲಿ ರಾಟೆ ತಿರುಗಿಸುತ್ತಿದ್ದ ಹೆಂಗಸರು ಆ ಲೆಕ್ಕದಲ್ಲಿ ಎಲ್ಲಿದ್ದಾರೆ, ನೂಲು ಅಗ್ಗವಾದಾಗ ನೇಕಾರ ಉಳಿದರೂ ನೂಲುವವಳು ಏನಾದಳು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಂಡು ಈ ವಿಷಯ ಬರೆಯಲು ಆಮೇಲೆ ಯಾರಿಂದಲೂ ಆಗಲಿಲ್ಲ.

ಹೆಂಗಸರ ವಿಷಯದಲ್ಲಿ ಈ ಪತ್ರಿಕೆಗಳೆಲ್ಲ ತಡವಾಗಿ ಎಚ್ಚೆತ್ತವು. ಆಕ್ಸ್‌ಫರ್ಡ್‌ನಲ್ಲಿ ಕಾರ್ಮಿಕರಿಗಾಗಿ ಇದ್ದ ರಸ್ಕಿನ್ ಕಾಲೇಜಿನಲ್ಲಿ ರಾಫಾಯೆಲ್ ಸ್ಯಾಮ್ಯುಯೆಲ್ ಕಟ್ಟಿದ ಚರಿತ್ರೆಯ ಕಮ್ಮಟಗಳಲ್ಲಿ ರೈಲ್ವೆ ಕೆಲಸಗಾರರೂ ಗಣಿ ಕೆಲಸಗಾರರೂ ತಮ್ಮ ಕಸುಬಿನ ಚರಿತ್ರೆಯನ್ನು ತಾವೇ ಬರೆದರು. ಅಷ್ಟು ಮುಂದುವರಿದ ಆ ಸಭೆಯಲ್ಲೂ, 1969ರಲ್ಲಿ ಷೀಲಾ ರೋಬಾಥಮ್ ಮಹಿಳೆಯರ ಚರಿತ್ರೆಯಲ್ಲಿ ಆಸಕ್ತಿಯಿದ್ದವರು ಸೇರೋಣ ಎಂದಾಗ ಗಂಡಸರು ನಕ್ಕರು. ಆ ನಗೆಗೆ ಉತ್ತರವಾಗಿ ಸೇರಿದ ಹೆಂಗಸರು ಮರುವರ್ಷ ಅದೇ ಕಾಲೇಜಿನಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಮಹಿಳಾ ವಿಮೋಚನಾ ಸಮ್ಮೇಳನ ನಡೆಸಿದರು. 1976ರಲ್ಲಿ ಸಮಾಜವಾದಿ ಚರಿತ್ರಕಾರರ ಪತ್ರಿಕೆ ಎಂದು ಶುರುವಾದ 'ಹಿಸ್ಟರಿ ವರ್ಕ್‌ಷಾಪ್ ಜರ್ನಲ್' 1982ರಲ್ಲಿ ಸ್ತ್ರೀವಾದಿ ಎಂಬ ಮಾತನ್ನೂ ಹೆಸರಿಗೆ ಸೇರಿಸಿಕೊಂಡಿತು. ಅದೇ 1982ರಿಂದ ಭಾರತದಲ್ಲಿ ರಣಜಿತ್ ಗುಹಾ ಸಂಪಾದಕತ್ವದಲ್ಲಿ ಹೊರಬರತೊಡಗಿದ, ಕೆಳವರ್ಗದವರ ಚರಿತ್ರೆಯ 'ಸಬಾಲ್ಟರ್ನ್ ಸ್ಟಡೀಸ್' ಸಂಪುಟಗಳ ಮೇಲೆ 'ಸೋಶಿಯಲ್ ಸೈಂಟಿಸ್ಟ್' ಪತ್ರಿಕೆ ಕಟುವಾದ ವಿಮರ್ಶೆ ಪ್ರಕಟಿಸಿತು. 1985ರ ನಾಲ್ಕನೆಯ ಸಂಪುಟದಲ್ಲಿ ದೀಪೇಶ್ ಚಕ್ರವರ್ತಿ ಅದಕ್ಕೆ ಉತ್ತರ ಬರೆದರೆ, ಅದೇ ಸಂಪುಟದಲ್ಲಿ ಗಾಯತ್ರಿ ಸ್ಪಿವಾಕ್ ಆ ಬಳಗದ ಬರಹದಲ್ಲಿ ಹೆಣ್ಣು ಎಲ್ಲಿ ಎಂದು ಒಳಗಿನಿಂದಲೇ ಕೇಳಿದಳು.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಬಡವರ ಬಗ್ಗೆ ಬರೆದ ಈ ಪತ್ರಿಕೆಗಳನ್ನು ಬಡವರು ಓದುವುದಿರಲಿ, ಜಿಲ್ಲೆಯ ಕಾಲೇಜೊಂದರ ಅಧ್ಯಾಪಕನೂ ಕೊಂಡು ಓದಲಾರ. ಅವುಗಳಲ್ಲಿ ಹೆಚ್ಚಿನವು ಈಗ ದೊಡ್ಡ ಪ್ರಕಾಶನ ಸಂಸ್ಥೆಗಳ ಕೈಯಲ್ಲಿವೆ, ಚಂದಾ ಕಟ್ಟುವ ಗ್ರಂಥಾಲಯದ ಹೊರಗಿದ್ದವನಿಗೆ ಬಾಗಿಲು ಮುಚ್ಚಿದೆ. ಭಾಷೆಯೂ ವರ್ಷದಿಂದ ವರ್ಷಕ್ಕೆ ಬಿಗಿಯಾಗಿದೆ. ಇದು ನಿಜವಾದ ನಷ್ಟ, ಇದನ್ನು ಸಮರ್ಥಿಸಲಾರೆ. ಆದರೆ ಈ ದೋಷ ಪತ್ರಿಕೆ ಎಂಬ ರೂಪಕ್ಕೆ ಅಂಟಿದ್ದಲ್ಲ, ಅದನ್ನು ನಡೆಸುವ ವ್ಯವಸ್ಥೆಯದು. ಥಾಮ್ಸನ್‌ನ ಗದ್ಯ ಯಾವ ಓದುಗನನ್ನೂ ದೂರ ಇಡುವುದಿಲ್ಲ. ಬ್ಲಾಕ್ ನೀರುಗಿರಣಿಯ ಬಗ್ಗೆ ಬರೆದದ್ದು ಗಿರಣಿ ನೋಡಿದ ಯಾರಿಗೂ ಅರ್ಥವಾಗುವಂಥದ್ದು.

ವಾದಕ್ಕೆ ಎದುರು ವಾದ ಬರುವ ಪತ್ರಿಕೆ ಎಂಬ ಅಳತೆಗೋಲನ್ನು ಕನ್ನಡದ ಕಡೆಗೆ ತಿರುಗಿಸಿದರೆ ಕಾಣುವುದು ಬಡತನವಲ್ಲ. ಬೆಂಗಳೂರಿನಲ್ಲಿ 1909ರಲ್ಲಿ ಮಿಥಿಕ್ ಸೊಸೈಟಿ, ಧಾರವಾಡದಲ್ಲಿ 1914ರಲ್ಲಿ ಆಲೂರ ವೆಂಕಟರಾಯರ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಹುಟ್ಟಿದವು, ತಮ್ಮ ಸಂಶೋಧನ ಪತ್ರಿಕೆಗಳನ್ನು ಹೊರಡಿಸಿದವು. 1916ರಿಂದ ಪರಿಷತ್ಪತ್ರಿಕೆ, ಅದರ ಬೆನ್ನಿಗೇ 'ಪ್ರಬುದ್ಧ ಕರ್ಣಾಟಕ' ಬಂದವು. ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬ ವಾದ ನಮ್ಮಲ್ಲಿ ತಲೆಮಾರುಗಳ ಕಾಲ ನಡೆಯಿತು. ಎದುರುತ್ತರ ಕೊಡುವ ರೂಢಿ ನಮಗಿತ್ತು. ಅದು ಕವಿಯ ಕಾಲ, ಕೃತಿಯ ಕರ್ತೃ, ಅರಸನ ವಂಶ ಇವುಗಳ ಸುತ್ತ ನಿಂತಿತು, ಗಾಣದ ಕಡೆಗೆ ಬರಲಿಲ್ಲ. ಸಾಮಗ್ರಿ ಇಲ್ಲದೆ ಅಲ್ಲ. ನಮ್ಮ ಶಾಸನಗಳಲ್ಲಿ ದೇವರ ದೀಪಕ್ಕೆ ಎಣ್ಣೆ ಬಿಟ್ಟ ತೆಲ್ಲಿಗರು, ಎಲೆಯ ಹೇರಿಗೆ ಸುಂಕ ತೆತ್ತ ಸೆಟ್ಟಿಗಳು, ಅಯ್ಯಾವೊಳೆ ಐನೂರ್ವರೆಂಬ ವ್ಯಾಪಾರಿ ಸಂಘದ ದತ್ತಿಗಳು ತುಂಬಿಕೊಂಡಿವೆ. ಗಾಣದ ಕಲ್ಲಿನ ಮೇಲೇ ಶಾಸನ ಕೆತ್ತಿಸಿದ ನಿದರ್ಶನಗಳೂ ಇವೆ. ಎಂ. ಚಿದಾನಂದಮೂರ್ತಿ 1966ರಲ್ಲಿ ಪ್ರಕಟಿಸಿದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಆ ಕಲ್ಲುಗಳಿಂದ ಅರಸರ ವಂಶಾವಳಿಯ ಬದಲು ಜನಜೀವನವನ್ನು ಓದಿ ತೋರಿಸಿದ ದೊಡ್ಡ ಕೆಲಸ. ಜಾನಕಿ ನಾಯರ್ 1998ರಲ್ಲಿ ಕೋಲಾರದ ಚಿನ್ನದ ಗಣಿ ಮತ್ತು ಬೆಂಗಳೂರಿನ ಬಟ್ಟೆ ಗಿರಣಿಗಳ ಕಾರ್ಮಿಕರ ಬಗ್ಗೆ ತಂದ ಪುಸ್ತಕ ಇಂಗ್ಲಿಷಿನಲ್ಲಿದೆ. ಮೈಸೂರು ಒಡೆಯರ ಕಾಲದ ಯುದ್ಧ ಮತ್ತು ಬೊಕ್ಕಸದ ಬಗ್ಗೆ ಮಿಷನರಿಯ ಬರಹ ಆಧರಿಸಿ ಸಂಜಯ್ ಸುಬ್ರಹ್ಮಣ್ಯಂ 1989ರಲ್ಲಿ ಬರೆದದ್ದು ಅದೇ ದೆಹಲಿಯ ರಿವ್ಯೂನಲ್ಲಿದೆ. ಇವಕ್ಕೆ ಕನ್ನಡದಲ್ಲಿ ಎದುರು ವಾದ ಹುಟ್ಟಬೇಕಿತ್ತು.

ಹುಟ್ಟದೆ ಹೋದದ್ದಕ್ಕೆ ಒಂದು ಕಾರಣ, ನನ್ನ ತಿಳಿವಳಿಕೆಯಲ್ಲಿ, ಅಭಿನಂದನ ಗ್ರಂಥ. ಕನ್ನಡದ ಎಷ್ಟೋ ಒಳ್ಳೆಯ ಸಂಶೋಧನ ಲೇಖನಗಳು ಹಿರಿಯರೊಬ್ಬರ ಗೌರವಕ್ಕೆ ತಂದ ಸಂಪುಟಗಳಲ್ಲಿವೆ. ಗೌರವಿಸುವುದು ಒಳ್ಳೆಯ ರೂಢಿ, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಅಭಿನಂದನ ಗ್ರಂಥಕ್ಕೆ ಮುಂದಿನ ಸಂಚಿಕೆ ಇರುವುದಿಲ್ಲ. ಅಲ್ಲಿ ತಪ್ಪು ಬರೆದರೂ ತಿದ್ದುವವನಿಗೆ ಜಾಗವಿಲ್ಲ, ಸರಿಯಾಗಿ ಬರೆದರೂ ಮುಂದುವರಿಸುವವನಿಗೆ ಜಾಗವಿಲ್ಲ. ವಿಶ್ವವಿದ್ಯಾಲಯಗಳ ಕನ್ನಡ ಪತ್ರಿಕೆಗಳು ಇವೆ. ಅವುಗಳ ಸಂಪಾದಕರಲ್ಲಿ ಒಂದೇ ಕೋರಿಕೆ. ಪ್ರತಿ ಸಂಚಿಕೆಯ ಕೊನೆಯ ಕೆಲವು ಪುಟಗಳನ್ನು ಹಿಂದಿನ ಸಂಚಿಕೆಯ ಲೇಖನಗಳಿಗೆ ಬಂದ ಉತ್ತರಗಳಿಗೆ ಮೀಸಲಿಡಿ. ಬರೆದವನು ಎಷ್ಟೇ ಹಿರಿಯನಾಗಿರಲಿ, ಅವನ ಶಾಸನಪಾಠವೋ ಲೆಕ್ಕವೋ ತಪ್ಪೆಂದು ತೋರಿಸುವ ಕಿರಿಯನ ಟಿಪ್ಪಣಿ ಬಂದರೆ ಅಚ್ಚು ಹಾಕಿ, ಹಿರಿಯನ ಮರುತ್ತರಕ್ಕೂ ಪುಟ ಕೊಡಿ. ತಾಲ್ಲೂಕು ಕೇಂದ್ರದಲ್ಲಿ ಕುಳಿತು ತನ್ನೂರಿನ ಗಾಣ, ಕೆರೆ, ಸಂತೆಯ ದಾಖಲೆ ಕೂಡಿಹಾಕುತ್ತಿರುವ ಅಧ್ಯಾಪಕರಿಗೆ ಕಾಗದ ಬರೆದು ಲೇಖನ ತರಿಸಿಕೊಳ್ಳಿ.